ಕೇಳದೇ ಉಳಿದ ಹೆಸರು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಕಲಾ ಸಂಗ್ರಹಾಲಯವೊಂದಿದೆ. ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ’ ಎಂದು ಅದರ ಹೆಸರು. ಮಗನ ಮನೆಗೆ ಹೋದಾಗ ಅವ್ವನನ್ನು ಕರೆದುಕೊಂಡು ಅದನ್ನು ನೋಡಲು ಹೋಗಿದ್ದೆ. ಆಟೋ ಇಳಿದು, ಸೆರಗು ಸರಿಮಾಡಿಕೊಂಡು ತಲೆ ಎತ್ತಿ ನೋಡಿದ ಅವ್ವ, “ಇದೇನವಾ, ಚಿತ್ರ ತೋರಸ್ತೀನಂತ ಹೇಳಿ ನೀರಿನ ಟಾಕಿ ಮುಂದ ತಂದು ನಿಲ್ಲಿಸೀಯಲ್ಲ!” ಎಂದಳು.

ನನಗೆ ನಗು ಬಂತು. ಪಕ್ಕದವರು ಕೇಳಿಸಿಕೊಂಡರೇನೋ ಎಂದು ಸಂಕೋಚವೂ ಆಯಿತು. ಆದರೆ ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಐದಂತಸ್ತಿನ ಕಟ್ಟಡವನ್ನು ರೂಪಿಸಿದ ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪಿಗಳು ಮನಸ್ಸಿನಲ್ಲಿ ಇಟ್ಟುಕೊಂಡದ್ದು ತಗಡಿನ ನೀರಿನ ಟಾಕಿಯನ್ನೇ. ಹೊರಮೈಗೆಲ್ಲ ಸ್ಟೀಲಿನ ತಗಡು. ಒಂದೊಂದು ತಗಡಿನ ಮೇಲೂ ಮೂಲೆಯಿಂದ ಮೂಲೆಗೆ, ಗುಣಾಕಾರದ ಗುರುತಿನಂತೆ ಒತ್ತಿದ ಗೆರೆ. ಟಾಕಿಯ ತಗಡಿಗೆ ಇಂಥ ಗೆರೆ ಒತ್ತುವುದು ಚೆಂದಕ್ಕಲ್ಲ. ತೆಳುವಾದ ತಗಡು ನೀರಿನ ಭಾರಕ್ಕೆ ಉಬ್ಬದಿರಲಿ, ಅದಕ್ಕೆ ಬಲ ಬರಲಿ ಎಂದು.

ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾವು ಟಾಕಿಯನ್ನು ಚೆಂದಕ್ಕಾಗಿ ನೋಡಿದವರಲ್ಲ. ನೀರು ಬಿಟ್ಟರೋ ಇಲ್ಲವೋ, ಕೊಡ ಎಷ್ಟು ಹಿಂದಿದೆ ಎಂದಷ್ಟೇ ಅದರ ಕಡೆ ನೋಡಿದವರು. ಅದೇ ಟಾಕಿ ಇಲ್ಲಿ ಬಿಸಿಲಿಗೆ ಹೊಳೆಯುತ್ತ ನಿಂತು, ಜನ ಅದರ ಮುಂದೆ ಫೋಟೋ ತೆಗೆಸಿಕೊಳ್ಳುವುದನ್ನು ನೋಡಿದಾಗ ನನ್ನೊಳಗೆ ಒಂದು ಪ್ರಶ್ನೆ ಎದ್ದಿತು. ದಿನವೂ ಕಣ್ಣೆದುರಿಗಿದ್ದದ್ದು ಬೇರೆ ಜಾಗದಲ್ಲಿ ನಿಂತ ಮೇಲೆಯೇ ಯಾಕೆ ಕಾಣುತ್ತದೆ?

ಈ ಸಂಗ್ರಹಾಲಯ ಆರಂಭವಾದಾಗ ನಡೆದ ಪ್ರದರ್ಶನವೊಂದಕ್ಕೆ ‘ಕಾಣುವ, ಕಾಣದ’ ಎಂಬ ಅರ್ಥದ ಇಂಗ್ಲಿಷ್ ಹೆಸರಿತ್ತು. ವಿಷಯ ಹೆಣ್ಣು. ಚಿತ್ರದೊಳಗೆ ದೇವಿಯಾಗಿ, ತಾಯಿಯಾಗಿ, ಪ್ರೇಯಸಿಯಾಗಿ ಹೆಣ್ಣು ಎಲ್ಲೆಲ್ಲೂ ಇದ್ದಾಳೆ. ಚಿತ್ರ ಮಾಡಿದವರ ಸಾಲಿನಲ್ಲಿ ಮಾತ್ರ ಅಪರೂಪ ಎನ್ನುವುದು ಅದರ ಹುರುಳು. ಓದಿದಾಗ ಹೌದೆಂದು ತಲೆ ಹಾಕಿದ್ದೆ. ಅದರ ಅರ್ಥ ನನಗೆ ತಟ್ಟಿದ್ದು ಅವ್ವ ಒಂದು ಬಟ್ಟೆಯ ಮುಂದೆ ನಿಂತಾಗ.

ಮಂದ ಬೆಳಕಿನಲ್ಲಿ ಇಟ್ಟಿದ್ದ ಹಳೆಯ ಕಸೂತಿಯ ಬಟ್ಟೆ ಅದು. ಅವ್ವನಿಗೆ ಕಣ್ಣು ಮಂಜು. ಆದರೂ ಹೊಲಿಗೆಯನ್ನು ಗುರುತು ಹಿಡಿಯುತ್ತಾಳೆ. ಬಹಳ ಹೊತ್ತು ಬಗ್ಗಿ ನೋಡಿ, “ಭಾಳ ಛಲೋ ಕೈ. ಮಾಡಿದಾಕಿ ಹೆಸರು ಏನಂತ ಬರದಾರ, ಓದು” ಎಂದಳು. ನಾನು ಚೀಟಿ ಓದಿದೆ. ಬಟ್ಟೆಯ ವಿವರವಿತ್ತು, ಮಾಡಿದವರ ಹೆಸರು ತಿಳಿದಿಲ್ಲ ಎಂದಿತ್ತು. ಜಗತ್ತಿನ ಯಾವ ಸಂಗ್ರಹಾಲಯಕ್ಕೆ ಹೋದರೂ ಹಳೆಯ ಬಟ್ಟೆಗಳ ಕೆಳಗೆ ಹೆಚ್ಚಾಗಿ ಹೀಗೆಯೇ ಇರುತ್ತದೆ. ಅವ್ವ ಒಂದು ಕ್ಷಣ ಸುಮ್ಮನಿದ್ದು, “ತಿಳಿದಿಲ್ಲಂದ್ರ? ಆಕೀನ್ನ ಯಾರೂ ಕೇಳಲೇ ಇಲ್ಲೇನು?” ಎಂದಳು.

ಅಲ್ಲಿಂದ ಮುಂದೆ ನೋಡಿದ ಚಿತ್ರಗಳೊಂದೂ ನನ್ನ ತಲೆಗೆ ಹೋಗಲಿಲ್ಲ. ಸಿಂದಗಿಯ ನಮ್ಮ ತವರುಮನೆಯ ಪಡಸಾಲೆ ಕಣ್ಣ ಮುಂದೆ ಬಂದಿತ್ತು. ಸುಗ್ಗಿ ಮುಗಿದ ಮೇಲೆ ಪ್ರತಿವರ್ಷ ಇಂಡಿ ಕಡೆಯಿಂದ ಕೌದಿ ಹೊಲಿಯುವ ಹೆಣ್ಣುಮಗಳು ಬರುತ್ತಿದ್ದಳು. ಅವ್ವ ಹರಿದ ಇಲಕಲ್ಲ ಸೀರೆ, ಅಪ್ಪನ ಧೋತರ, ನಮ್ಮ ಗಿಡ್ಡಾದ ಅಂಗಿಗಳನ್ನೆಲ್ಲ ತಂದು ಸುರಿಯುತ್ತಿದ್ದಳು. ಆಕೆ ಅವನ್ನು ಹರವಿ, ಪದರದ ಮೇಲೆ ಪದರ ಹಾಕಿ, ಅಂಚಿನಿಂದ ನಡುವಿಗೆ ಸಾಲು ಹಿಡಿದು ಹೊಲಿಯುತ್ತಿದ್ದಳು. ಒಂದೊಂದಾಗಿ ಹಿಡಿದರೆ ಚಿಂದಿಯಾಗುವ ಬಟ್ಟೆಗೆ ಆ ಹೊಲಿಗೆಯೇ ಬಲ, ತೆಳು ತಗಡಿಗೆ ಒತ್ತಿದ ಗೆರೆಯ ಹಾಗೆ. ಆ ಕೌದಿ ಹೊದ್ದು ನಾನು ಇಪ್ಪತ್ತು ವರ್ಷ ಮಲಗಿದ್ದೇನೆ. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬರುವಾಗ ಒಂದನ್ನು ತಂದೂ ಇದ್ದೇನೆ. ಆಕೆಯ ಹೆಸರು?

“ಅವ್ವಾ, ನಮ್ಮನಿಗೆ ಕೌದಿ ಹೊಲಿಯಾಕ ಬರ್ತಿದ್ಲಲ್ಲ, ಆಕಿ ಹೆಸರೇನು?”

ಅವ್ವ ನೆನಪು ಮಾಡಿಕೊಳ್ಳಲು ನೋಡಿದಳು. ಆಕೆ ಎಲೆ ಹಾಕುತ್ತಿದ್ದದ್ದು, ಜೋಳ ಎಷ್ಟು ಕೇಳುತ್ತಿದ್ದಳು ಎನ್ನುವುದು, ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದ ಕೂಸು ಎಲ್ಲ ನೆನಪಿತ್ತು. ಕೊನೆಗೆ ಸಣ್ಣ ದನಿಯಲ್ಲಿ, “ಕೌದಿಯಾಕಿ ಬಂದ್ಲು ಅಂತಿದ್ವಿ” ಎಂದಳು. ಇಬ್ಬರೂ ಅಲ್ಲಿದ್ದ ಬೆಂಚಿನ ಮೇಲೆ ಕುಳಿತೆವು.

ಹೆಸರಿನಲ್ಲೇನಿದೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಕೌದಿಯ ಕೆಲಸ ಬೆಚ್ಚಗಿಡುವುದು, ಅದನ್ನು ಮಾಡಿತು. ಆಕೆಗೆ ಕೂಲಿ ಸಂದಿತು. ಮಾಡಿದ್ದಕ್ಕೆ ಹೆಸರು ಬಯಸದಿರುವುದೇ ದೊಡ್ಡತನ ಎಂದು ನಮ್ಮ ಹಿರಿಯರೂ ಹೇಳುತ್ತಾರೆ. ಆದರೆ ಹೆಸರು ಬಯಸದಿರುವುದು ಮಾಡಿದವಳ ದೊಡ್ಡತನವಾದೀತು. ಹೆಸರು ಕೇಳದಿರುವುದು ಮಾಡಿಸಿಕೊಂಡವರ ದೊಡ್ಡತನ ಹೇಗಾದೀತು? ಆಕೆಯ ವಿನಯವನ್ನು ನಮ್ಮ ಅಲಕ್ಷ್ಯಕ್ಕೆ ಮುಸುಕು ಮಾಡಿಕೊಳ್ಳುವುದು ನ್ಯಾಯವಲ್ಲ.

ನಮ್ಮ ಪಕ್ಕದ ಬಸವನಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲವನ್ನೇ ನೋಡಿ. ವಚನದ ಕೊನೆಯ ಅಂಕಿತದಲ್ಲಿ ದೇವರ ಹೆಸರಿರುತ್ತದೆ. ಹಾಗೆಂದು ಹೇಳಿದವರ ಹೆಸರನ್ನು ಆ ಶರಣರು ಕಳೆಯಲಿಲ್ಲ. ನೂಲು ತೆಗೆಯುತ್ತಿದ್ದ ಕದಿರ ರೆಮ್ಮವ್ವೆಯ ಹೆಸರು ಆಕೆಯ ಕಾಯಕದ ಜೊತೆಗೇ ಎಂಟುನೂರು ವರ್ಷ ದಾಟಿ ನಮಗೆ ತಲುಪಿದೆ. ಒಬ್ಬ ನೂಲುವ ಹೆಣ್ಣುಮಗಳ ಹೆಸರು ಕೇಳಬೇಕು, ನೆನಪಿಡಬೇಕು ಎಂದು ಆಗಿನವರಿಗೆ ಅನ್ನಿಸಿತ್ತು. ಪೆನ್ನು ಪುಸ್ತಕ ಇದ್ದ ನಮಗೆ ಅನ್ನಿಸಲಿಲ್ಲ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಗುಲಾಮರಾಗಿದ್ದ ಕಪ್ಪು ಜನರ ವಂಶದವರು ಅಲ್ಲಿದ್ದಾರೆ. ಆ ಹೆಣ್ಣುಮಕ್ಕಳೂ ಹೊಲದ ಕೆಲಸಕ್ಕೆ ಹಾಕಿ ಹರಿದ ಬಟ್ಟೆಗಳಿಂದ ನಮ್ಮ ಹಾಗೆಯೇ ಕೌದಿ ಹೊಲಿಯುತ್ತಿದ್ದರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಗೋಡೆಗಳ ಮೇಲೆ ಅವರ ಕೌದಿಗಳನ್ನು ತೂಗುಹಾಕಿದರು. 2006ರಲ್ಲಿ ಅವು ಅಂಚೆಚೀಟಿಗಳ ಮೇಲೂ ಬಂದವು. ನನಗೆ ಹೆಚ್ಚಾಗಿ ಕಂಡದ್ದು ಆ ಗೌರವಕ್ಕಿಂತ ಮೊದಲು ನಡೆದ ಸಣ್ಣ ಕೆಲಸ. ಯಾರೋ ಆ ಮನೆಗಳಿಗೆ ಹೋಗಿ ಇದನ್ನು ಹೊಲಿದವರು ಯಾರು ಎಂದು ಕೇಳಿದ್ದರು. ಕೌದಿಯ ಜೊತೆ ಹೊಲಿದವಳ ಹೆಸರೂ ಹೋಯಿತು.

ಸಂಗ್ರಹಾಲಯದ ಚೀಟಿಯನ್ನು ದೂರುವ ಹಕ್ಕು ನನಗಿಲ್ಲ. ಹೆಸರು ಕಳೆದುಹೋಗುವುದು ಅಲ್ಲಿಯ ಗಾಜಿನ ಪೆಟ್ಟಿಗೆಯಲ್ಲಿ ಅಲ್ಲ, ನಮ್ಮ ಪಡಸಾಲೆಯಲ್ಲಿ. ಮಾಡಿದವಳು ಎದುರಿಗೆ ಕುಳಿತು ಸೂಜಿಗೆ ದಾರ ಪೋಣಿಸುತ್ತಿರುವಾಗ, ನಾವು ಚಹಾ ಕೊಟ್ಟು ಹೆಸರು ಕೇಳದೆ ಒಳಗೆ ಹೋಗುವಾಗ.

ಊರಿಗೆ ಬಂದ ಮೇಲೆ ಟ್ರಂಕಿನಿಂದ ಕೌದಿ ತೆಗೆದು ಬಿಸಿಲಿಗೆ ಹಾಕಿದೆ. ಆಮೇಲೆ ಒಂದು ಬಿಳಿ ಬಟ್ಟೆಯ ತುಂಡಿನ ಮೇಲೆ ದಾರದಿಂದ ನಾಲ್ಕು ಸಾಲು ಹೊಲಿದು ಅದರ ಹಿಂಬದಿಗೆ ಹಚ್ಚಿದೆ. ಬಟ್ಟೆ ಯಾರದು, ಹೊಲಿದದ್ದು ಯಾವ ಊರಲ್ಲಿ, ಹೊಲಿದಾಕೆ ಯಾವ ಕಡೆಯವಳು ಎಂದು ಬರೆದೆ. ಹೆಸರಿನ ಜಾಗಕ್ಕೆ ಬಂದಾಗ ‘ತಿಳಿದಿಲ್ಲ’ ಎಂದು ಹಾಕಲು ಕೈ ಬರಲಿಲ್ಲ. ಅದು ಸುಳ್ಳಾಗುತ್ತಿತ್ತು. ‘ಕೇಳಲಿಲ್ಲ’ ಎಂದು ಹೊಲಿದೆ.

ಮನೆಗೆಲಸಕ್ಕೆ ಬರುವ ಹುಡುಗಿ ಅದನ್ನು ನೋಡಿ ಏನೆಂದು ಕೇಳಿದಳು. ಹೇಳಿದೆ. ಅವಳ ಹೆಸರು ನನಗೆ ಗೊತ್ತಿತ್ತು. ಅವಳ ತಾಯಿಯ ಹೆಸರು ಕೇಳಿದ್ದು ಅವತ್ತೇ.