ಪರದೇಶ ಪ್ರವಾಸವೂ ಅಂತರಂಗದ ವಿಶ್ರಾಂತಿಯೂ

ದಣಿದ ಮಾನವನು ವಿಶ್ರಾಂತಿಯನ್ನು ಅರಸುವುದು ಸಹಜ. ವರ್ಷವಿಡೀ ದುಡಿದ ಗೃಹಸ್ಥನು ಮಡದಿಮಕ್ಕಳನ್ನೂ ವೃದ್ಧರಾದ ತಾಯಿತಂದೆಗಳನ್ನೂ ಕರೆದುಕೊಂಡು ಕಡಲಾಚೆಯ ನಾಡಿಗೆ ಹೊರಡುವುದು ಈಗ ಅಪರೂಪವಲ್ಲ. ಅದರಲ್ಲಿ ದೋಷವೂ ಇಲ್ಲ. ಆದರೆ ಹಾಗೆ ಹೋದವರಲ್ಲಿ ಅನೇಕರು ಮೊದಲಿಗಿಂತ ಹೆಚ್ಚು ದಣಿದು ಮರಳುತ್ತಾರೆ. ಸ್ಥಳ ಬದಲಾಯಿತು, ವಿಶ್ರಾಂತಿ ದೊರೆಯಲಿಲ್ಲ. ಹಾಗಾದರೆ ವಿಶ್ರಾಂತಿಯ ನೆಲೆ ಯಾವುದು? ಶರಣಧರ್ಮವನ್ನು ನಂಬಿದ ಕುಟುಂಬಕ್ಕೆ ಈ ಪ್ರಶ್ನೆ ಅಲ್ಪವಾದುದಲ್ಲ.

ಲಂಡನ್ನಿಗೆ ಹೊರಟ ಒಂದು ಕುಟುಂಬವನ್ನು ಭಾವಿಸಿಕೊಳ್ಳಬಹುದು. ಹೊರಡುವ ಮುನ್ನವೇ ಯಜಮಾನನಿಗೆ ಒಂದು ಸಂದೇಹ: ವಿಮಾನನಿಲ್ದಾಣದ ತಪಾಸಣೆಯಲ್ಲಿ ಕೊರಳ ಕರಡಿಗೆಯನ್ನು ತೋರಿಸಬೇಕಾದೀತು, ಪರಸ್ಥಳದಲ್ಲಿ ಪೂಜೆಗೆ ಅನುಕೂಲವಾಗದು, ಲಿಂಗವನ್ನು ಜಗುಲಿಯ ಮೇಲಿಟ್ಟು ಹೋದರೇನು? ಸಂದೇಹ ಸಣ್ಣದು, ಪರಿಣಾಮ ದೊಡ್ಡದು. ಭಕ್ತನು ಗುಡಿಗೂ ಊರಿಗೂ ಕಟ್ಟುಬೀಳಬಾರದೆಂದೇ ಅಲ್ಲವೆ, ಗುರುವು ಇಷ್ಟಲಿಂಗವನ್ನು ಕರಸ್ಥಲಕ್ಕೆ ಅನುಗ್ರಹಿಸಿದುದು? ಬೆಳ್ಳಿಯ ಕರಡಿಗೆ ತೊಡಕಾದರೆ ವಸ್ತ್ರದಲ್ಲಿ ಕಟ್ಟಿ ಧರಿಸಬಹುದು. ಕೇಳಿದವರಿಗೆ ವಿನಯದಿಂದ ತಿಳಿಯಹೇಳಬಹುದು. ಲಿಂಗವನ್ನು ಮನೆಯಲ್ಲಿ ಬಿಟ್ಟು ಶಾಂತಿಯನ್ನು ಹೊರಗೆ ಹುಡುಕುವವನು, ದೀಪವನ್ನು ಒಳಗಿಟ್ಟು ಕತ್ತಲೆಯ ಅಂಗಳದಲ್ಲಿ ತಡವರಿಸುವವನಿಗೆ ಸಮಾನನು.

ಎರಡನೆಯ ತೊಡಕು ಕಾಲದ್ದು. ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರವು ನಮ್ಮ ದೇಶದ ಗಡಿಯಾರಕ್ಕಿಂತ 4½ ಗಂಟೆ ಹಿಂದಿರುತ್ತದೆ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ 9 ಗಂಟೆ ಕಳೆದ ಮೇಲೆಯೇ ಸೂರ್ಯಾಸ್ತ. ಸಂಜೆಯ ಪೂಜೆ ಯಾವಾಗ? ಈ ಗೊಂದಲದಲ್ಲಿ ನಿಯಮವನ್ನೇ ಕೈಬಿಡುವವರುಂಟು. ಶುಭವೇಳೆ ಅಶುಭವೇಳೆಗಳ ಎಣಿಕೆಯನ್ನು ಶರಣರು ಮನ್ನಿಸಲಿಲ್ಲ. ಶಿವನನ್ನು ನೆನೆದ ಗಳಿಗೆಯೇ ಅವರಿಗೆ ಶುಭಗಳಿಗೆ. ಎದ್ದೊಡನೆ ಮುಖಮಜ್ಜನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನೆಟ್ಟರೆ, ಬಾಡಿಗೆಯ ಕೋಣೆಯೂ ಪೂಜಾಗೃಹವಾಗುತ್ತದೆ. ಊರಿನ ರೂಢಿ, ನೆರೆಹೊರೆಯ ಕಣ್ಣು, ಹಬ್ಬಹರಿದಿನ ಯಾವುದೂ ಇಲ್ಲದೆಡೆ ಉಳಿದುಬರುವ ನಿಷ್ಠೆಯೇ ನಿಜವಾದ ನಿಷ್ಠೆ. ಈ ದೃಷ್ಟಿಯಿಂದ ಪ್ರವಾಸವು ನಂಬುಗೆಯ ಒರೆಗಲ್ಲು.

ಇನ್ನು ದಣಿವಿನ ಕಾರಣವನ್ನು ವಿಚಾರಿಸಬೇಕು. ಒಂದೇ ದಿನದಲ್ಲಿ ಅರಮನೆ, ಗೋಪುರ, ವಸ್ತುಸಂಗ್ರಹಾಲಯ, ಅಂಗಡಿಬೀದಿ ಎಲ್ಲವನ್ನೂ ಮುಗಿಸಬೇಕೆಂಬ ಧಾವಂತ ಎಲ್ಲಿಂದ ಬರುತ್ತದೆ? ಕೊಟ್ಟ ಹಣಕ್ಕೆ ಒಂದೂ ತಪ್ಪಬಾರದೆಂಬ ಆಸೆಯಿಂದ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ಸರ್ವವಿದಿತ. ಅಕ್ಕಿಗೆ ಸಲ್ಲುವ ಮಾತು ನೋಟಕ್ಕೂ ಸಲ್ಲುತ್ತದೆ. ಕಣ್ಣಿನ ಆಸೆಯೂ ಆಸೆಯೇ. ಎರಡು ಸ್ಥಳಗಳನ್ನು ಸಮಾಧಾನದಿಂದ ಕಂಡವನು ಹತ್ತನ್ನು ಓಡುತ್ತ ಕಂಡವನಿಗಿಂತ ಸಂಪನ್ನನು.

ಮನೆಯವರೆಲ್ಲರ ವಿಶ್ರಾಂತಿಯೆಂದು ಹೊರಟ ಮೇಲೆ ಅದು ಎಲ್ಲರಿಗೂ ದೊರೆಯಬೇಡವೆ? ಸಸ್ಯಾಹಾರ ಸಿಕ್ಕದೆಂಬ ಭಯದಿಂದ ರೊಟ್ಟಿ, ಚಟ್ನಿಪುಡಿಗಳನ್ನು ಕಟ್ಟಿದವಳು ಗೃಹಿಣಿ. ಅಲ್ಲಿಯೂ ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚುವವಳು ಅವಳೇ. ಅವಳ ದಣಿವಿನ ಮೇಲೆ ಕಟ್ಟಿದ ಇತರರ ವಿಶ್ರಾಂತಿ ಶರಣಮಾರ್ಗಕ್ಕೆ ಒಪ್ಪುವುದಿಲ್ಲ. ಅನುಭವಮಂಟಪದಲ್ಲಿ ಹೆಣ್ಣಿಗೆ ಸರಿಸಮನಾದ ಗದ್ದುಗೆಯನ್ನು ಕೊಟ್ಟ ಧರ್ಮವಿದು. ಪತಿಯೂ ಮಕ್ಕಳೂ ಪಾತ್ರೆ ತೊಳೆದು, ಅವಳು ನಿಶ್ಚಿಂತೆಯಿಂದ ಪೂಜೆಗೆ ಕುಳಿತುಕೊಳ್ಳುವಂತೆ ಮಾಡಿದರೆ, ಆ ಕೆಲಸವೇ ಅಂದಿನ ದಾಸೋಹ.

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಅದರ ಅನಾವರಣವಾಯಿತು. ಅಲ್ಲಿಗೆ ಹೋದ ಭಕ್ತರು ಕೈಮುಗಿದು, ಚಿತ್ರ ತೆಗೆಸಿಕೊಂಡು, ಮುಂದಿನ ನೋಟಕ್ಕೆ ಧಾವಿಸುವುದುಂಟು. ದೇಹವನ್ನೇ ದೇಗುಲವೆಂದು ಸಾರಿದ ಮಹಾತ್ಮನ ಮುಂದೆ ಅಷ್ಟೇ ಸಾಕೆ? ಸ್ಥಾವರವಾಗಿ ನಿಂತ ಆ ಮೂರ್ತಿಯು ನೋಡುವವನನ್ನು ಅವನ ಎದೆಯ ಮೇಲಿನ ಲಿಂಗದ ಕಡೆಗೇ ತಿರುಗಿಸುತ್ತದೆ. ಅರೆಗಳಿಗೆ ಅಲ್ಲಿ ಮೌನವಾಗಿ ಕುಳಿತ ಕುಟುಂಬವು, ತಾನು ಅರಸಿ ಬಂದ ವಿಶ್ರಾಂತಿಯು ಮನೆಯಿಂದಲೇ ತನ್ನ ಜೊತೆಗೆ ಬಂದಿತ್ತೆಂಬುದನ್ನು ಅರಿತೀತು. ಅದನ್ನು ಅರಿತವರಿಗೆ ಪರದೇಶವೆಂಬುದಿಲ್ಲ. ಮರಳಿ ಬಂದು ಕಾಯಕವನ್ನು ಕೈಗೊಂಡಾಗಲೂ ಆ ವಿಶ್ರಾಂತಿಯು ಅವರನ್ನು ಅಗಲುವುದಿಲ್ಲ.