ಪ್ರೋಷಧೋಪವಾಸವೂ ನಮ್ಮ ಉದ್ಯೋಗವೂ



ಅಷ್ಟಮಿ-ಚತುರ್ದಶಿಗಳಲ್ಲಿ ಉಪವಾಸವಿರುವ ಶ್ರಾವಕರು ನಮ್ಮಲ್ಲಿ ಇಂದಿಗೂ ವಿರಳರಲ್ಲ. ನೀರನ್ನೂ ಮುಟ್ಟದವರಿದ್ದಾರೆ. ಆದರೆ ಅದೇ ದಿನ ಅಂಗಡಿಯ ಬಾಗಿಲು ತೆರೆಯುತ್ತದೆ, ತಕ್ಕಡಿ ತೂಗುತ್ತದೆ, ಸಾಲಗಾರನಿಗೆ ತಗಾದೆ ಹೋಗುತ್ತದೆ. ಹೊಟ್ಟೆಗೆ ಬಿಡುವು ದೊರೆಯಿತು; ಕೈಗೂ ನಾಲಗೆಗೂ ದೊರೆಯಲಿಲ್ಲ. ಇದನ್ನು ಪ್ರೋಷಧೋಪವಾಸವೆನ್ನಬಹುದೇ?

ಉದ್ಯೋಗವೇ ಪಾಪವೆಂದು ನಮ್ಮ ಆಚಾರ್ಯರು ಹೇಳಿಲ್ಲ. ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಕಂಗೆಟ್ಟಾಗ ಆದಿನಾಥಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣವು ತಿಳಿಸುತ್ತದೆ. ಬೆಳಗಾವಿ ಸೀಮೆಯ ನಮ್ಮ ರೈತ, ಕಂಚು-ಹಿತ್ತಾಳೆ ಪಾತ್ರೆಗಳ ಬೋಗಾರ, ಕಚೇರಿಯ ಲೆಕ್ಕಿಗ ಎಲ್ಲರೂ ಈ ಆರರೊಳಗಿನವರೇ. ಶಾಲೆಯ ಮಾಸ್ತರನಿಗೂ ಅಲ್ಲಿ ಸ್ಥಳವಿರುವುದು ನನ್ನಂಥವರಿಗೆ ಸಮಾಧಾನದ ವಿಷಯ! ಉಳುವವನ ನೇಗಿಲಿಗೆ ಸಿಕ್ಕಿ ಆಗುವುದು ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ವಿಧಿಸಿದ್ದು ಸಂಕಲ್ಪೀ ಹಿಂಸೆಯ ತ್ಯಾಗ. ಮಿಕ್ಕುದರಲ್ಲಿ ಅವನು ಎಚ್ಚರದಿಂದ ನಡೆಯಬೇಕು.

ಆ ಎಚ್ಚರದ ಪರೀಕ್ಷೆ ನಡೆಯುವುದು ಪರ್ವದಿನಕ್ಕಿಂತ ಹೆಚ್ಚಾಗಿ ಉಳಿದ ದಿನಗಳಲ್ಲಿ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲಿಗೇ ಇಟ್ಟದ್ದು ನ್ಯಾಯದಿಂದ ಧನಾರ್ಜನೆಯನ್ನು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಓದಿದರಂತೂ ಸಂತೆಯ ನಡುವೆಯೇ ನಿಂತಂತಾಗುತ್ತದೆ: ಕಳ್ಳನಿಗೆ ಪ್ರೇರಣೆ, ಕದ್ದ ಮಾಲಿನ ಖರೀದಿ, ರಾಜ್ಯದ ಕಟ್ಟಳೆಯ ಉಲ್ಲಂಘನೆ, ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ, ಅಸಲಿಯಲ್ಲಿ ನಕಲಿಯ ಬೆರಕೆ. ಇವುಗಳಲ್ಲಿ ನಾಲ್ಕನೆಯದರ ಹೆಸರು ಹೀನಾಧಿಕಮಾನೋನ್ಮಾನ. ಮಾನವೆಂದರೆ ಸೇರು, ಪಡಿಗಳಂಥ ಅಳತೆ. ಉನ್ಮಾನವೆಂದರೆ ತಕ್ಕಡಿಯ ತೂಕ. ಕೊಡುವಾಗ ಕಿರಿದರಿಂದ, ಕೊಳ್ಳುವಾಗ ಹಿರಿದರಿಂದ ಅಳೆಯುವುದೇ ಈ ದೋಷ. 1956ರ ತೂಕ-ಅಳತೆ ಕಾಯಿದೆ, 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಇವೆಲ್ಲ ಬಹು ಈಚಿನವು. ಸರಕಾರದ ಮುದ್ರೆಯಿರುವ ವಿದ್ಯುನ್ಮಾನ ತಕ್ಕಡಿಯಲ್ಲೇ ತೂಗಿ, ರೈತ ತಂದ ಪ್ರತಿ ಚೀಲಕ್ಕೂ ತೇವದ ನೆಪದಲ್ಲಿ ಒಂದೆರಡು ಕಿಲೋ ಕಳೆದರೆ ಕಾಯಿದೆಯ ಕಣ್ಣಿಗೆ ಬೀಳದಿರಬಹುದು. ವ್ರತದ ಲೆಕ್ಕದಲ್ಲಿ ಅದು ಬಿದ್ದೇ ಬೀಳುತ್ತದೆ. ಅಂಥ ಗಳಿಕೆಯಿಂದ ದಶಲಕ್ಷಣಪರ್ವದಲ್ಲಿ ಅಭಿಷೇಕದ ಸವಾಲು ಹಿಡಿಯುವವರನ್ನು ಸಮಾಜವು ಹೊಗಳುವುದು ನನಗೆ ಹಿತವೆನಿಸುವುದಿಲ್ಲ.

ಇನ್ನು ಪರ್ವದಿನದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದಂದು ಪಂಚಪಾಪಗಳ ಜೊತೆಗೆ ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಾದಿಗಳನ್ನೂ ಆರಂಭವನ್ನೂ ಬಿಡಹೇಳಿದ್ದಾರೆ. ಆರಂಭವೆಂದರೆ ಇದೇ ನಮ್ಮ ಕೃಷಿ, ವಾಣಿಜ್ಯ, ಗೃಹಕೃತ್ಯಗಳು. ಅಮೃತಚಂದ್ರಾಚಾರ್ಯರು ಹೇಳುವ ಹದಿನಾರು ಯಾಮಗಳ ಅವಧಿ, ಅಂದರೆ 48 ಗಂಟೆ, ಹಿಂದಿನ ದಿನದ ಮಧ್ಯಾಹ್ನದಿಂದಲೇ ತೊಡಗುತ್ತದೆ. ಆ ಹೊತ್ತಿಗೇ ವ್ಯವಹಾರವನ್ನು ಮುಗಿಸಿಡಬೇಕು.

ಇಲ್ಲೊಂದು ಉಪಾಯವನ್ನು ಹಲವರು ಕಂಡುಕೊಂಡಿದ್ದಾರೆ. ಯಜಮಾನರು ಬಸದಿಯಲ್ಲಿ ಕುಳಿತು ಜಪ ಮಾಡುತ್ತಾರೆ. ಗುಮಾಸ್ತನು ಗಲ್ಲೆಯ ಮೇಲೆ ಕುಳಿತಿರುತ್ತಾನೆ. ಕೃತ, ಕಾರಿತ, ಅನುಮೋದನ ಮೂರೂ ಸಮವೆಂದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಸಂಜೆ ಗಲ್ಲೆಯ ಲೆಕ್ಕವನ್ನು ಕೇಳಲೇಬೇಕಾದವನ ಜಪವು ಮಧ್ಯಾಹ್ನವೆಲ್ಲ ಎಲ್ಲಿದ್ದೀತು? ಅನಾದರ, ವಿಸ್ಮರಣೆಗಳೆರಡೂ ಈ ವ್ರತದ ಅತಿಚಾರಗಳೇ ಆಗಿವೆ. ಮನೆಯಲ್ಲಿಯೂ ಅಷ್ಟೇ. ಗಂಡನೂ ಉಪವಾಸ, ಹೆಂಡತಿಯೂ ಉಪವಾಸ. ಆದರೂ ನಾಳೆಯ ಪಾರಣೆಗೆಂದು ಆ ತಾಯಿ ಇಂದೇ ಬೀಸಿ, ಕುಟ್ಟಿ, ಸೋಸುತ್ತಿರುತ್ತಾಳೆ. ಆಕೆಯ ವ್ರತವನ್ನು ಕೆಡಿಸಿದವರು ಯಾರು? ಪಾರಣೆಗೆ ಗಂಜಿಯೂ ಸಾಕು.

ನೌಕರಿಯಲ್ಲಿರುವವರು, ತಿಂಗಳಿಗೆ ನಾಲ್ಕು ರಜೆ ಯಾರು ಕೊಡುತ್ತಾರೆಂದು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ನಾಲ್ಕೂ ಪರ್ವಗಳ ನಿಯಮವು ಪ್ರೋಷಧ ಪ್ರತಿಮಾಧಾರಿಗೆ ಕಡ್ಡಾಯ. ಅದಕ್ಕೂ ಕೆಳಗಿನ ಮೆಟ್ಟಿಲಿನಲ್ಲಿ ಇದು ಶಿಕ್ಷಾವ್ರತ, ಅಭ್ಯಾಸಕ್ಕಾಗಿ ಇರುವುದು. ತಿಂಗಳಿಗೊಂದು ಚತುರ್ದಶಿಗೆ ರಜೆ ಪಡೆದು ವಿಧಿಯಂತೆ ನಡೆಸಿ, ಉಳಿದ ಮೂರು ಪರ್ವಗಳಲ್ಲಿ ಏಕಭುಕ್ತದಿಂದಿದ್ದು ಕಚೇರಿಗೆ ಹೋಗುವುದು ಮೇಲೆಂದು ನನ್ನ ಅಭಿಪ್ರಾಯ. ಏಕಭುಕ್ತವನ್ನು ಏಕಭುಕ್ತವೆಂದೇ ಕರೆಯಿರಿ.

ಸ್ವಂತ ಅಂಗಡಿಯುಳ್ಳವರಿಗೆ ಈ ತೊಡಕಿಲ್ಲ. ಬಾಗಿಲಿಗೆ ಹಿಂದಿನ ವಾರವೇ ಒಂದು ಚೀಟಿ ಅಂಟಿಸಿದರೆ ಗಿರಾಕಿಗಳು ಮರುದಿನ ಬರುತ್ತಾರೆ. ಗುಮಾಸ್ತನು ಅನ್ಯಮತದವನಾದರೂ ಅಂದು ಅವನಿಗೂ ಬಿಡುವಿರಲಿ. ವ್ರತ ಹಿಡಿದವರು ನೀವು, ಅವನಲ್ಲ. ಆದುದರಿಂದ ಆ ದಿನದ ಕೂಲಿಯನ್ನು ಅವನ ಸಂಬಳದಲ್ಲಿ ಹಿಡಿಯದೆ ಪೂರ್ತಿಯಾಗಿ ಕೊಡಿರಿ.