ನಿಧಾನದವರೇ ಮುಂದೆ ನಡೆಯಲಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಟೀಟನ್ ಪರ್ವತಸಾಲಿನ ಬುಡದಲ್ಲಿ, ಗಂಡ ಹೆಂಡತಿಯ ಹೆಸರು ಹೊತ್ತ ಎರಡು ಸರೋವರಗಳಿವೆ: ಒಂದು ಲೀ, ಇನ್ನೊಂದು ಜೆನ್ನಿ. ರಿಚರ್ಡ್ ಲೀ ಇಂಗ್ಲೆಂಡಿನಲ್ಲಿ ಹುಟ್ಟಿ, ಇಲ್ಲಿಗೆ ಬಂದು ಬೀವರ್ ಬೇಟೆಯಿಂದ ಹೊಟ್ಟೆ ಹೊರೆಯುತ್ತಿದ್ದವನು. ಜೆನ್ನಿ ಶೊಶೋನಿ ಬುಡಕಟ್ಟಿನವಳು. 1872ರಲ್ಲಿ ಹೇಡನ್ ಎಂಬವರ ಸರ್ಕಾರಿ ಸರ್ವೆ ತಂಡಕ್ಕೆ ಲೀ ದಾರಿ ತೋರಿಸಿದಾಗ ಹೆಂಡತಿ, ಮಕ್ಕಳೂ ಅವನ ಜೊತೆಗಿದ್ದರು. ನಕ್ಷೆ ಬರೆದವರು ಇಬ್ಬರ ಹೆಸರನ್ನೂ ನೀರಿನ ಮೇಲೆ ಉಳಿಸಿದರು. ಕೆಲವೇ ವರ್ಷಗಳಲ್ಲಿ, 1876ರ ಚಳಿಗಾಲದಲ್ಲಿ, ಸಿಡುಬು ಜೆನ್ನಿಯನ್ನೂ ಮಕ್ಕಳನ್ನೂ ಕೊಂಡೊಯ್ದಿತು. ಸರೋವರಗಳು ಮಾತ್ರ ಅಕ್ಕಪಕ್ಕದಲ್ಲೇ ಇವೆ.

ಎರಡರ ನಡುವೆ ಸ್ಟ್ರಿಂಗ್ ಎಂಬ ಮೂರನೆಯದೊಂದು ಪುಟ್ಟ, ಆಳವಿಲ್ಲದ ಸರೋವರ. ಅದರ ದಡದಿಂದ ಲೀ ಸರೋವರದ ಅಂಚಿಗೆ ಸುಮಾರು ಒಂದೂವರೆ ಕಿ.ಮೀ. ನಡಿಗೆ. ಪೈನ್ ಮರಗಳ ನೆರಳು, ಹೆಚ್ಚುಕಡಿಮೆ ಸಮತಟ್ಟಾದ ಹಾದಿ. ಮುಂಜಾನೆ ಗಾಳಿ ಏಳುವ ಮೊದಲು ತಲುಪಿದವರಿಗೆ 12,605 ಅಡಿ ಎತ್ತರದ ಮೌಂಟ್ ಮೊರಾನ್ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಇನ್ನೂ ಸ್ವಲ್ಪ ಹತ್ತಬೇಕೆನ್ನುವವರು ಜೆನ್ನಿ ಸರೋವರವನ್ನು ದೋಣಿಯಲ್ಲಿ ದಾಟಿ, ಹಿಡನ್ ಫಾಲ್ಸ್ ನೋಡಿಕೊಂಡು ಇನ್‌ಸ್ಪಿರೇಷನ್ ಪಾಯಿಂಟ್‌ಗೆ ಏರಬಹುದು. ಸರೋವರದ ಮಟ್ಟದಿಂದ ಅದು ನಾನೂರು ಅಡಿಗಿಂತ ಸ್ವಲ್ಪ ಹೆಚ್ಚು. ಅರ್ಧ ದಿನದಲ್ಲಿ ಮುಗಿಯುವ, ಮಂಡಿ ಗಟ್ಟಿಯಿರುವ ಯಾರಿಗಾದರೂ ಸಾಧ್ಯವಾಗುವ ದಾರಿಗಳಿವು.

ದಾರಿ ಸುಲಭ. ಜೋಡಿಯಾಗಿ ನಡೆಯುವುದು ಅಷ್ಟು ಸುಲಭವಲ್ಲ.

ಬೇಸಿಗೆ ರಜೆಯಲ್ಲಿ ಯೆಲ್ಲೊಸ್ಟೋನ್ ನೋಡಲು ಬರುವ ಅಮೆರಿಕದ ಕನ್ನಡ ಕುಟುಂಬಗಳು ಅದಕ್ಕೆ ಅಂಟಿಕೊಂಡಂತಿರುವ ಈ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಕ್ಕೂ ಬರುತ್ತವೆ. ಎಷ್ಟೋ ಸಲ ಊರಿನಿಂದ ಬಂದ ಅಪ್ಪ ಅಮ್ಮಂದಿರೂ ಜೊತೆಗಿರುತ್ತಾರೆ. ಇಂಥ ಏರುದಾರಿಯಲ್ಲಿ ಜೋಡಿಗಳನ್ನು ಗಮನಿಸಿದರೆ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಬ್ಬರು ಸರಸರನೆ ಹತ್ತಿ, ತಿರುವಿನ ಬಂಡೆಯ ಮೇಲೆ ಕೂತು, ನೀರು ಕುಡಿದು, ಫೋಟೊ ತೆಗೆದು ಸುಧಾರಿಸಿಕೊಳ್ಳುತ್ತಾರೆ. ಇನ್ನೊಬ್ಬರು ಏದುಸಿರು ಬಿಡುತ್ತಾ ಅಲ್ಲಿಗೆ ಬಂದು ಮುಟ್ಟುತ್ತಾರೆ. "ಬಂದ್ಯಾ? ಹೊರಡೋಣ" ಎಂದು ಮೊದಲಿನವರು ಎದ್ದೇಬಿಡುತ್ತಾರೆ. ವಿಶ್ರಾಂತಿ ಬೇಕಿಲ್ಲದವರಿಗೆ ಪೂರ್ತಿ ವಿಶ್ರಾಂತಿ ಸಿಕ್ಕಿತು, ಬೇಕಿದ್ದವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಮೂರು ತಿರುವು ಹೀಗೇ ಕಳೆದರೆ ನಾಲ್ಕನೆಯದರಲ್ಲಿ ಮುಖ ಊದಿಕೊಳ್ಳುತ್ತದೆ. ಕಾದವರಿಗೆ ತಾವು ಕಾದೆವೆಂಬ ಹೆಮ್ಮೆ, ಬಂದವರಿಗೆ ತಮ್ಮನ್ನು ಬಿಟ್ಟು ಹೋದರೆಂಬ ನೋವು. ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ.

ಮನೆಯಲ್ಲೂ ಇದೇ ನಡೆಯುತ್ತಿರುತ್ತದೆ. ಅಲ್ಲಿ ಅಡುಗೆಮನೆ, ಆಫೀಸು, ಮಕ್ಕಳ ಹೋಂವರ್ಕ್‌ಗಳ ನಡುವೆ ಕಾಣದೆ ಹೋಗುವುದು ಬೆಟ್ಟದ ಹಾದಿಯಲ್ಲಿ ಬೆತ್ತಲಾಗುತ್ತದೆ. ಅಭ್ಯಾಸ ತಿದ್ದಿಕೊಳ್ಳಲು ಸುಲಭದ ಹಾದಿ ಒಳ್ಳೆಯ ಜಾಗವಾಗುವುದೂ ಇದರಿಂದಲೇ. ಇಲ್ಲಿ ಶಿಖರ ಗೆಲ್ಲುವ ಒತ್ತಡವಿಲ್ಲ, ತಪ್ಪಿದರೆ ದೊಡ್ಡ ನಷ್ಟವೂ ಇಲ್ಲ.

ಮೊದಲ ಅಭ್ಯಾಸ: ನಿಧಾನವಾಗಿ ನಡೆಯುವವರು ಮುಂದೆ, ವೇಗದವರು ಹಿಂದೆ. ಚಾರಣ ತಂಡಗಳು ಬಳಸುವ ಹಳೆಯ ಕ್ರಮವಿದು. ಮುಂದಿರುವವರು ತಮ್ಮ ಉಸಿರಿಗೆ ತಕ್ಕ ಹೆಜ್ಜೆ ಹಾಕುತ್ತಾರೆ, ಬೇಕೆನಿಸಿದಾಗ ನಿಲ್ಲುತ್ತಾರೆ, ಯಾರನ್ನೂ ಕೇಳಬೇಕಿಲ್ಲ. ಹಿಂದಿರುವವರಿಗೆ ಮೊದಮೊದಲು ಚಡಪಡಿಕೆ. ಆ ಚಡಪಡಿಕೆಯನ್ನು ಬಾಯಿಗೆ ತಾರದೆ ಇಪ್ಪತ್ತು ನಿಮಿಷ ನಡೆದರೆ ಕಾಲೂ ಮನಸ್ಸೂ ಆ ಲಯಕ್ಕೆ ಒಗ್ಗುತ್ತವೆ. ಜೆನ್ನಿ ಸರೋವರವೇ ಸಮುದ್ರಮಟ್ಟದಿಂದ 2,067 ಮೀಟರ್ ಎತ್ತರದಲ್ಲಿದೆ. ಬಯಲೂರಿನಿಂದ ನೇರವಾಗಿ ಬಂದವರಿಗೆ ಉಸಿರು ಬೇಗ ಕಟ್ಟುವುದು ಸಹಜ. ಅದನ್ನು ಸೋಮಾರಿತನವೆಂದು ಅಣಕಿಸುವುದು ಅಜ್ಞಾನ.

ವೇಗ ಸರಿಯಿದೆಯೇ ಎಂದು ತಿಳಿಯಲು ಗಡಿಯಾರ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ಮಟ್ಟದ ವ್ಯಾಯಾಮ ಎನ್ನುತ್ತಾರೆ ಆರೋಗ್ಯ ತಜ್ಞರು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುವುದು ಈ ಬಗೆಯ ಶ್ರಮವನ್ನೇ. ಟೀಟನ್‌ನಲ್ಲಿ ಮಾತಿಗೆ ಇನ್ನೊಂದು ಕಾರಣವೂ ಇದೆ. ಇದು ಕರಡಿಗಳ ಕಾಡು. ಸದ್ದಿಲ್ಲದೆ ಹೋಗಿ ಕರಡಿಯನ್ನು ಬೆಚ್ಚಿಬೀಳಿಸುವ ಬದಲು ಗುಂಪಾಗಿ, ಸದ್ದು ಮಾಡುತ್ತಾ ನಡೆಯಿರಿ ಎಂದು ಉದ್ಯಾನದವರೇ ಹೇಳುತ್ತಾರೆ. ಕರಡಿ, ತೋಳಗಳಿಂದ 100 ಗಜ, ಉಳಿದ ಪ್ರಾಣಿಗಳಿಂದ 25 ಗಜ ದೂರವಿರಬೇಕು. ಬೇರ್ ಸ್ಪ್ರೇ ಬ್ಯಾಗಿನ ತಳದಲ್ಲಲ್ಲ, ಕೈಗೆ ಸಿಗುವಂತಿರಬೇಕು. ಗಂಡ ಹೆಂಡತಿ ಮಾತು ಬಿಟ್ಟು ನಡೆಯಬಾರದೆಂಬುದು ಸುರಕ್ಷತೆಯ ನಿಯಮವೇ ಆಗಿರುವ ದಾರಿಗಳು ಹೆಚ್ಚಿಲ್ಲ!

ಎರಡನೆಯದು, ಹೊರಡುವ ಮೊದಲೇ ಹಿಂದಿರುಗುವ ಸಮಯ ನಿಶ್ಚಯಿಸುವುದು. ಬೇಸಿಗೆಯ ಮಧ್ಯಾಹ್ನ ಇಲ್ಲಿ ಗುಡುಗು ಮಳೆ ಸಾಮಾನ್ಯ, ಹಾಗಾಗಿ ಬೆಳಿಗ್ಗೆಯೇ ಹೊರಡಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಇಂದಿಗೂ ನೆನೆಯುತ್ತಾರೆ: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. ಈ ಲೆಕ್ಕದಂತೆ ದೋಣಿ ಇಳಿದಲ್ಲಿಂದ ಇನ್‌ಸ್ಪಿರೇಷನ್ ಪಾಯಿಂಟ್‌ಗೆ, ಅಂದರೆ ಸುಮಾರು ಒಂದು ಮೈಲಿಗೆ, ಅರ್ಧ ಗಂಟೆ ಸಾಕು. ಆದರೆ ಸೂತ್ರ ಗಟ್ಟಿಮುಟ್ಟಾದ ಚಾರಣಿಗನಿಗೆ ಹೇಳಿದ್ದು. ಅರವತ್ತು ದಾಟಿದ ದಂಪತಿ ಅದನ್ನು ಎರಡರಿಂದ ಗುಣಿಸಿಕೊಂಡರೆ ನೆಮ್ಮದಿ. "ಹನ್ನೊಂದಕ್ಕೆ ಎಲ್ಲಿದ್ದರೂ ವಾಪಸ್" ಎಂದು ಇಬ್ಬರೂ ಒಪ್ಪಿಕೊಂಡಿದ್ದರೆ, ಸುಸ್ತಾದವರು ತಮ್ಮಿಂದ ಕಾರ್ಯಕ್ರಮ ಕೆಟ್ಟಿತೆಂದು ಕೊರಗುವ ಪ್ರಮೇಯವೇ ಬರುವುದಿಲ್ಲ. ತೀರ್ಪು ಕೊಟ್ಟಿದ್ದು ಗಡಿಯಾರ.

ಟೀಟನ್ ಬುಡದ ಈ ಕಣಿವೆಯಲ್ಲೇ ಬಾಳಿದ ಇನ್ನೊಂದು ಜೋಡಿ ಓಲಸ್ ಮತ್ತು ಮಾರ್ಗರೆಟ್ ಮ್ಯೂರಿ. 1924ರಲ್ಲಿ ಅಲಾಸ್ಕದಲ್ಲಿ ಮದುವೆಯಾದ ಇವರ ಮಧುಚಂದ್ರವೆಂದರೆ, ಕ್ಯಾರಿಬೂ ಹಿಂಡುಗಳ ಅಧ್ಯಯನಕ್ಕಾಗಿ ನಾಯಿ ಎಳೆಯುವ ಸ್ಲೆಡ್ ಜೊತೆ ನೂರಾರು ಮೈಲಿಯ ಪ್ರಯಾಣ. 1926ರಲ್ಲಿ, ವರ್ಷ ತುಂಬದ ಮಗನನ್ನೂ ಕಟ್ಟಿಕೊಂಡು ಓಲ್ಡ್ ಕ್ರೋ ನದಿಗೆ ಹೋದರು. ದೋಣಿಯ ಎಂಜಿನ್ ಕೈಕೊಟ್ಟರೂ ಗಳ ಊರುತ್ತಾ ಮುಂದುವರಿದರು. 1945ರಲ್ಲಿ ಟೀಟನ್ ಬಳಿ ನೆಲೆ ಮಾಡಿಕೊಂಡರು. ಅವರ ಮನೆಯ ಜಗುಲಿಯ ಮಾತುಕತೆಗಳು 1964ರ ವನ್ಯಪ್ರದೇಶ ಸಂರಕ್ಷಣಾ ಕಾಯ್ದೆಗೆ ಬಲ ಕೊಟ್ಟವು. ಕಾಯ್ದೆಗೆ ಒಂದು ವರ್ಷ ಮೊದಲೇ ಓಲಸ್ ತೀರಿಕೊಂಡರು. ಮಾರ್ಗರೆಟ್ ಒಬ್ಬರೇ ಕೆಲಸ ಮುಂದುವರಿಸಿ, 1998ರಲ್ಲಿ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಪಡೆದರು. ಅವರು ಬದುಕಿದ್ದು 101 ವರ್ಷ. ಜೊತೆಯಾಗಿ ನಡೆಯುವುದೆಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಾಲವಾಗುವುದಲ್ಲ ಎಂಬುದಕ್ಕೆ ಈ ದಂಪತಿಗಿಂತ ಬೇರೆ ಸಾಕ್ಷಿ ಬೇಡ.

ಎಲ್ಲರಿಗೂ ಅಲಾಸ್ಕ ಬೇಕಿಲ್ಲ, ವಯೋಮಿಂಗ್ ಕೂಡ ಬೇಕಿಲ್ಲ. ಬುತ್ತಿ, ನೀರು, ಒಂದು ಮಳೆ ಅಂಗಿ, ಅರ್ಧ ದಿನದ ಬಿಡುವು ಇದ್ದರೆ ಹತ್ತಿರದ ಯಾವ ಕೆರೆಯಂಚಿನ ಗುಡ್ಡವಾದರೂ ಆದೀತು. ಬ್ಯಾಗಿನ ಭಾರ ಬಲಶಾಲಿಯ ಹೆಗಲಿಗಿರಲಿ, ದಾರಿಯ ವೇಗ ನಿಧಾನದವರ ಕಾಲಿಗಿರಲಿ. ಎಲ್ಲಾದರೂ ನೀವೇ ಮುಂದೆ ಹೋಗಿಬಿಟ್ಟಿದ್ದರೆ, ಹಿಂದಿನವರು ಬಂದು ಸೇರಿದ ಮೇಲೂ ಐದು ನಿಮಿಷ ಕೂತೇ ಇರಿ. ಬರುವ ಭಾನುವಾರವೇ ಒಮ್ಮೆ ಹೀಗೆ ನಡೆದು ನೋಡಿ.